ತೊಟ್ಟಿಯ ತಳಕ್ಕೆ ಏನು ಹಾಸುವುದು?

ನಮ್ಮ ಮನೆಗೆ ಎರಡು ಆಕ್ಸೊಲಾಟ್ಲ್‌ಗಳು ಬಂದದ್ದು ಎದುರು ಫ್ಲ್ಯಾಟಿನವರು ದೇಶ ಬಿಟ್ಟು ಹೊರಟಿದ್ದರಿಂದ. ಅವರಿಗೆ ಜರ್ಮನಿಯಲ್ಲಿ ಮೂರು ವರ್ಷದ ಕೆಲಸ ಸಿಕ್ಕಿತ್ತು. ಸೋಫಾ, ಫ್ರಿಜ್ಜು, ವಾಷಿಂಗ್ ಮಷೀನು ಒಂದೇ ವಾರದಲ್ಲಿ ಮಾರಾಟವಾದವು. ಈ ಎರಡು ಜೀವಗಳನ್ನು ಮಾತ್ರ ಕೇಳುವವರಿರಲಿಲ್ಲ. ನನ್ನ ಹನ್ನೆರಡು ವರ್ಷದ ಮಗಳು ಮೈನ್‌ಕ್ರಾಫ್ಟ್ ಆಟದಲ್ಲಿ ಇವುಗಳನ್ನು ಬಕೆಟ್ಟಿನಲ್ಲಿ ಹೊತ್ತು ತಿರುಗಿದವಳು. ನಿಜವಾದವು ಬಾಗಿಲಾಚೆಯೇ ಇವೆ, ಸುಮ್ಮನೆ ಸಿಗುತ್ತಿವೆ ಎಂದಮೇಲೆ ಅವಳನ್ನು ತಡೆಯುವುದು ಕಷ್ಟವಾಯಿತು. ಆಗಷ್ಟೇ ಸಂಕ್ರಾಂತಿ ಮುಗಿದಿತ್ತು. ಬಿಳಿಯದಕ್ಕೆ ಕುಸುರಿ, ಕಪ್ಪನೆಯ ಚಿಕ್ಕದಕ್ಕೆ ಎಳ್ಳು ಎಂದು ಹೆಸರಿಟ್ಟಳು.

ನೋಡದವರಿಗಾಗಿ ಎರಡು ಮಾತು. ಇದು ಮೀನಲ್ಲ, ಕಪ್ಪೆಯ ದೂರದ ಬಂಧು; ಸಾಲಮ್ಯಾಂಡರ್ ಜಾತಿಯ ಉಭಯಚರ. ಗೊದಮೊಟ್ಟೆ ದೊಡ್ಡದಾಗಿ ಕಪ್ಪೆಯಾಗುವಂತೆ ಇದರ ಬಂಧುಗಳಲ್ಲಿ ಹಲವು ದೊಡ್ಡವಾಗಿ ನೆಲಕ್ಕೆ ಬರುತ್ತವೆ. ಇದಾದರೋ ಬಾಲ್ಯದ ರೂಪದಲ್ಲೇ ಉಳಿದು, ನೀರಲ್ಲೇ ಬೆಳೆದು, ನೀರಲ್ಲೇ ಮೊಟ್ಟೆಯಿಟ್ಟು ಮುಗಿಸುತ್ತದೆ. ತಲೆಯ ಎರಡೂ ಬದಿಗೆ ಕೆಂಪು ಗರಿಗಳಂತಹ ಕಿವಿರು, ಸದಾ ನಗುತ್ತಿರುವಂತೆ ಕಾಣುವ ಬಾಯಿ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಆ ಕಾಗದಪತ್ರಗಳನ್ನು ನೆರೆಯವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಕೊನೆಯ ದಿನ ಆಹಾರದ ಡಬ್ಬಿ ಕೊಡಲು ಬಂದ ಆ ಮನೆಯಾಕೆ ಬಾಗಿಲಲ್ಲೇ ನಿಂತು, "ಮೂರಿದ್ದವು ನಮ್ಮಲ್ಲಿ" ಎಂದರು. ದೀಪಾವಳಿ ಹೊತ್ತಿಗೆ ಒಂದು ಊಟ ಬಿಟ್ಟಿತಂತೆ. ಹೊಟ್ಟೆ ಉಬ್ಬಿ, ಬಾಲ ಮೇಲಾಗಿ ತೇಲತೊಡಗಿತಂತೆ. ಎಕ್ಸ್‌ರೇ ತೆಗೆದಾಗ ಹೊಟ್ಟೆಯ ತುಂಬ ಕಲ್ಲು. ತೊಟ್ಟಿಯ ತಳಕ್ಕೆ ಅಂಗಡಿಯವನು ಕೊಟ್ಟಿದ್ದ ಗುಲಾಬಿ, ನೀಲಿ ಬಣ್ಣದ ಬಟಾಣಿಯಷ್ಟು ದಪ್ಪದ ಕಲ್ಲುಗಳು. ಎರಡು ದಿನದಲ್ಲಿ ಸತ್ತುಹೋಯಿತು. ಪ್ಯಾಕಿಂಗ್ ಗಡಿಬಿಡಿಯಲ್ಲಿ ತೊಟ್ಟಿಯನ್ನು ಬದಲಾಯಿಸಲು ಆಗಲಿಲ್ಲ ಎಂದು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ಅಂದರೆ ಉಳಿದ ಎರಡೂ ಅದೇ ಕಲ್ಲಿನ ಮೇಲೆ ಇನ್ನೂ ಮೂರು ತಿಂಗಳು ಊಟ ಮಾಡಿದ್ದವು.

ತೊಟ್ಟಿ ಬಂದ ದಿನವೇ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಟಬ್ಬಿಗೆ ಹಾಕಿದೆ. ಕ್ಲೋರಿನ್ ತೆಗೆದ ತಣ್ಣನೆಯ ನೀರು, ದಿನಕ್ಕೊಮ್ಮೆ ಪೂರ್ತಿ ಬದಲು, ಕೆಳಗೆ ಏನೂ ಇಲ್ಲ. ಫಿಲ್ಟರನ್ನು ಮಾತ್ರ ಹಳೆಯ ನೀರಿನ ಬಕೆಟ್ಟಿನಲ್ಲಿ ಓಡುವಂತೆಯೇ ಬಿಟ್ಟೆ. ಅದರ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳೇ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡಿ ವಿಷ ಇಳಿಸುವುದು. ಅವು ಸತ್ತರೆ ಮತ್ತೆ ಬೆಳೆಸಲು ಒಂದೂವರೆ ತಿಂಗಳು ಬೇಕು. ಮರುದಿನ ಅಪರೂಪದ ಪ್ರಾಣಿಗಳನ್ನು ನೋಡುವ ವೈದ್ಯರಲ್ಲಿಗೆ ಹೋದೆವು. ಹನ್ನೊಂದು ಸೆಂಟಿಮೀಟರಿನ ಎಳ್ಳಿನ ಹೊಟ್ಟೆ ಖಾಲಿ. ಇಪ್ಪತ್ತೊಂದು ಸೆಂಟಿಮೀಟರಿನ ಕುಸುರಿಯ ಹೊಟ್ಟೆಯಲ್ಲಿ ಮೂರು ಕಲ್ಲು, ಎಕ್ಸ್‌ರೇಯಲ್ಲಿ ಮೂರು ಬಿಳಿ ಚುಕ್ಕೆ. ಊಟ ಮಾಡುತ್ತಿದೆ, ಮಲ ಬರುತ್ತಿದೆ, ಹಾಗಾಗಿ ಕತ್ತರಿಸುವ ಆತುರ ಬೇಡ, ತಣ್ಣೀರಲ್ಲಿಟ್ಟು ಕಾಯಿರಿ ಎಂದರು.

ಕಾಯುತ್ತ ಕೂರುವುದು ನನ್ನ ಸ್ವಭಾವವಲ್ಲ. ಹದಿನೆಂಟು ವರ್ಷದಿಂದ ಬೇರೆಯವರ ಪ್ರಾಜೆಕ್ಟುಗಳ ರಿಸ್ಕ್ ರಿಜಿಸ್ಟರ್ ಬರೆದವಳು ನಾನು. ಕಲ್ಲು ಹೊರಬರುವುದು ಕುಸುರಿಯ ಕೈಯಲ್ಲಿತ್ತು, ಮುಂದಿನ ಕಲ್ಲು ಒಳಗೆ ಹೋಗದಂತೆ ನೋಡುವುದು ನನ್ನ ಕೈಯಲ್ಲಿ. ತೊಟ್ಟಿಯ ತಳಕ್ಕೆ ಏನು ಹಾಸಬೇಕು ಎಂಬ ಪ್ರಶ್ನೆ ಹೀಗೆ ಶುರುವಾಯಿತು.

ಇಷ್ಟು ಬುದ್ಧಿಯಿಲ್ಲವೇ ಇದಕ್ಕೆ, ಕಲ್ಲು ಯಾಕೆ ತಿನ್ನುತ್ತದೆ ಎಂದು ನನ್ನ ಗಂಡ ಕೇಳಿದ. ತಿನ್ನುವುದಿಲ್ಲ, ನೀರಿನ ಜೊತೆ ಒಳಗೆ ಹೋಗಿಬಿಡುತ್ತದೆ. ಆಕ್ಸೊಲಾಟ್ಲ್ ಅಗಿಯುವುದಿಲ್ಲ, ಕಚ್ಚಿ ಹರಿಯುವುದೂ ಇಲ್ಲ. ಅದರ ಹಲ್ಲು ಹೆಸರಿಗಷ್ಟೇ, ಹಿಡಿದದ್ದು ಜಾರದಿರಲಿ ಎಂದು. ಬೇಟೆ ಹತ್ತಿರ ಬಂದಾಗ ಬಾಯನ್ನು ಒಮ್ಮೆಲೇ ತೆರೆದು ಗಂಟಲಿನ ತಳವನ್ನು ಕೆಳಗಿಳಿಸುತ್ತದೆ. ಬಾಯೊಳಗಿನ ಖಾಲಿ ಜಾಗಕ್ಕೆ ನೀರು ನುಗ್ಗುತ್ತದೆ, ನೀರಿನ ಜೊತೆ ಹುಳು ಬರುತ್ತದೆ, ಹುಳುವಿನ ಪಕ್ಕ ಏನಿತ್ತೋ ಅದೂ ಬರುತ್ತದೆ. ಕಣ್ಣು ಮಂದ. ವಾಸನೆ ಮತ್ತು ನೀರಿನ ಅಲುಗಾಟದಿಂದ ಅಂದಾಜು ಮಾಡಿ ಬಾಯಿ ಹಾಕುವ ಪ್ರಾಣಿ. ಕಣ್ಣೆದುರು ಎರೆಹುಳು ಹಿಡಿದರೂ ಒಮ್ಮೊಮ್ಮೆ ನನ್ನ ಚಿಮಟಿಗೆಗೆ ಬಾಯಿ ಹಾಕುತ್ತದೆ.

ಊರಲ್ಲಿ ಇದರಿಂದ ಅದಕ್ಕೆ ತೊಂದರೆ ಇರಲಿಲ್ಲ. ಅದರ ಊರು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೊ. ಕೆರೆಯ ಕೆಸರನ್ನೇ ಎತ್ತಿ ಪೇರಿಸಿ ಅಲ್ಲಿನ ಜನ ನೂರಾರು ವರ್ಷಗಳ ಹಿಂದೆ ಚಿನಾಂಪಾ ಎಂಬ ತೋಟದ ದಿಬ್ಬಗಳನ್ನು ಕಟ್ಟಿದರು. ದಿಬ್ಬಗಳ ನಡುವೆ ಉಳಿದ ಕಾಲುವೆಗಳಲ್ಲಿ ಆಕ್ಸೊಲಾಟ್ಲ್ ಇತ್ತು. ತಳದಲ್ಲಿ ಮೆತ್ತನೆಯ ಕೆಸರು, ಕೊಳೆತ ಎಲೆ. ಬಾಯಿಗೆ ಹೋದರೂ ಕೆಸರು ಹೊರಗೆ ಬರುತ್ತಿತ್ತು. ಈಗ ಆ ಊರಲ್ಲೇ ಅದಿಲ್ಲದ ಹಾಗಾಗಿದೆ. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದವು, 2014ರ ಹೊತ್ತಿಗೆ ಸಿಕ್ಕಿದ್ದು 36. ಕಾಲುವೆಗೆ ಸೇರಿದ ಕೊಳಚೆ ಒಂದು ಕಾರಣ. ಜನರ ಹೊಟ್ಟೆಗೆಂದು ತಂದು ಬಿಟ್ಟ ಕಾರ್ಪ್, ತಿಲಾಪಿಯಾ ಮೀನುಗಳು ಇದರ ಮೊಟ್ಟೆ ಮರಿಗಳನ್ನು ತಿಂದದ್ದು ಇನ್ನೊಂದು. ಆ ದೇಶದ 50 ಪೆಸೊ ನೋಟಿನ ಮೇಲೆ 2021ರಿಂದ ಆಕ್ಸೊಲಾಟ್ಲ್ ಚಿತ್ರವಿದೆ. ಲೋಕದ ತೊಟ್ಟಿಗಳಲ್ಲಿರುವ ಬಹುಪಾಲು ಆಕ್ಸೊಲಾಟ್ಲ್‌ಗಳ ವಂಶ 1864ರಲ್ಲಿ ಪ್ಯಾರಿಸ್ಸಿಗೆ ಹಡಗೇರಿ ಹೋದ 34 ಪ್ರಾಣಿಗಳವರೆಗೆ ಹಿಂದಕ್ಕೆ ಹೋಗುತ್ತದೆ. ಕುಸುರಿಯ ಬಿಳಿ ಬಣ್ಣವೂ ಆ ಗುಂಪಿನಿಂದಲೇ ಬಂದದ್ದು. ಅಂದರೆ ಇವು ಊರು ಬಿಟ್ಟು ನೂರ ಅರವತ್ತು ವರ್ಷವಾಯಿತು, ಬಾಯಿ ಹಾಕುವ ಅಭ್ಯಾಸ ಮಾತ್ರ ಕೆಸರಿನ ಕಾಲದ್ದೇ.

ಕೈಕಾಲು ಕತ್ತರಿಸಿದರೆ ಮತ್ತೆ ಬೆಳೆಸಿಕೊಳ್ಳುವ ಪ್ರಾಣಿ ಎಂದು ಇದಕ್ಕೆ ದೊಡ್ಡ ಹೆಸರು. ಬಾಲ ಬೆಳೆಯುತ್ತದೆ, ಹೃದಯದ ಚೂರೂ ಬೆಳೆಯುತ್ತದೆ. ಕರುಳಿಗೆ ಅಡ್ಡ ನಿಂತ ಕಲ್ಲಿಗೆ ಆ ವಿದ್ಯೆಯಿಂದ ಪ್ರಯೋಜನವಿಲ್ಲ.

ಹಾಗಾದರೆ ಏನೂ ಹಾಸದಿದ್ದರೆ? ಬರಿ ಗಾಜು ಎಲ್ಲಕ್ಕಿಂತ ಸುರಕ್ಷಿತ, ಎಳ್ಳಿನಂತಹ ಮರಿಗಳಿಗಂತೂ ಅದೇ ಸರಿ. ಹದಿನೈದು ಸೆಂಟಿಮೀಟರ್ ಆಗುವ ತನಕ ಅವುಗಳ ಕರುಳು ಸಣ್ಣದು, ಮರಳು ಕೂಡ ಅಡ್ಡ ನಿಲ್ಲಬಹುದು. ಕಸ ಕಣ್ಣಿಗೆ ಕಾಣುತ್ತದೆ, ಎತ್ತಿ ಹಾಕಲು ಸುಲಭ. ಹಾಗಾಗಿ ಎಳ್ಳಿನ ವಿಷಯ ಒಂದು ನಿಮಿಷದಲ್ಲಿ ಮುಗಿಯಿತು. ಕುಸುರಿಯನ್ನೂ ಹಾಗೇ ಇಡೋಣ ಎಂದುಕೊಂಡಿದ್ದೆ. ಆದರೆ ಅಪ್ಪ ಬೇರೆ ಹೇಳಿದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಪುಣೆಗೆ ಕರೆತಂದು ಎಂಟು ತಿಂಗಳಾಗಿತ್ತು. ಕೊಥ್ರೂಡಿನ ಆರನೇ ಮಹಡಿಯಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಶಹಾಬಾದದ ಹತ್ತಿರದ ಫರ್ಸಿ ಖಣಿಯಲ್ಲಿ ಮೂವತ್ತು ವರ್ಷ ಮುನ್ಶಿಯಾಗಿ ಹಾಜರಿ, ಲೋಡು, ಲೆಕ್ಕ ಬರೆದವರು. ಇಲ್ಲಿ ಬೆಳಿಗ್ಗೆ ಬಾಲ್ಕನಿ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಬಾಲ್ಕನಿ. ಮಾತು ಕಡಿಮೆಯಾಗಿತ್ತು. ಟಬ್ಬುಗಳು ಬಂದ ಮೇಲೆ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡರು. ಮೊದಲ ದಿನ, "ಇದೇನವ್ವ, ಹಲ್ಲಿ ನೀರಾಗ ಬಿದ್ದಂಗ ಅದ" ಎಂದಿದ್ದರು. ನಾಲ್ಕನೇ ದಿನ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕರೆದರು.

"ಇದಕ್ಕ ಕಾಲಿಗಿ ಹಿಡಿತ ಸಿಗವಲ್ದು ನೋಡು. ನಡೀಲಕ್ಕ ಹೋಗ್ತದ, ಜಾರ್ತದ. ಅದಕ್ಕೇ ಮೂಲ್ಯಾಗ ಕುಂತದ."

ಕೂತು ನೋಡಿದೆ. ಹೌದು. ಆಕ್ಸೊಲಾಟ್ಲ್ ಈಜುವುದಕ್ಕಿಂತ ತಳದಲ್ಲಿ ನಡೆಯುವುದೇ ಹೆಚ್ಚು. ಕುಸುರಿಯ ಸಣ್ಣ ಬೆರಳುಗಳು ಪ್ಲಾಸ್ಟಿಕ್ಕಿನ ಮೇಲೆ ಹಿಂದಕ್ಕೆ ಜಾರುತ್ತಿದ್ದವು, ಎರಡು ಹೆಜ್ಜೆಗೆ ನಿಂತು ಮೂಲೆಗೆ ಒರಗಿಕೊಳ್ಳುತ್ತಿತ್ತು. ಬಲ್ಲವರೂ ಇದನ್ನೇ ಹೇಳುತ್ತಾರೆಂದು ಆಮೇಲೆ ಓದಿ ತಿಳಿದೆ. ಆಗ ಮಾತ್ರ ಅಪ್ಪನ ಕಾಲು ನೋಡಿದೆ. ನಮ್ಮ ಹಾಲಿನಲ್ಲಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಅಪ್ಪ ಬಂದಾಗಿನಿಂದ ಗೋಡೆ ಹಿಡಿದೇ ನಡೆಯುತ್ತಾರೆ. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಊರಲ್ಲಿ ಒರಟು ಫರ್ಸಿಯ ಮೇಲೆ ಬರಿಗಾಲಲ್ಲಿ ಸರಸರ ಓಡಾಡಿದವರು. ಆ ವಾರ ಹಾಲಿಗೆ, ಅವರ ಕೋಣೆಗೆ, ಬಚ್ಚಲಿಗೆ ಜಾರದ ಮ್ಯಾಟು ತಂದು ಹಾಕಿದೆ. ಅವರು ಏನೂ ಹೇಳಲಿಲ್ಲ, ಮ್ಯಾಟಿನ ಮೇಲೆ ಗೋಡೆ ಹಿಡಿಯದೆ ನಡೆದರು.

ಇನ್ನು ಮರಳು. ಒಂದು ಮಿಲಿಮೀಟರಿಗಿಂತ ಸಣ್ಣ, ದುಂಡು ಕಣದ ಮರಳಾದರೆ ಬೆಳೆದ ಆಕ್ಸೊಲಾಟ್ಲ್ ನುಂಗಿದರೂ ಮಲದ ಜೊತೆ ಹೊರಬರುತ್ತದೆ. ಕಾಲಿಗೂ ಹಿತ. ಪುಣೆಯಲ್ಲಿ ಅಂತಹ ಮರಳು ಹುಡುಕುವುದು ಬೇರೆಯೇ ಕಥೆ. ಕಟ್ಟಡ ಸಾಮಗ್ರಿ ಅಂಗಡಿಗಳಲ್ಲಿ ಈಗ ಸಿಗುವುದು ಬಹುಪಾಲು ಕ್ರಶ್ ಸ್ಯಾಂಡ್, ಇಲ್ಲಿನ ಕರಿಕಲ್ಲನ್ನು ಯಂತ್ರದಲ್ಲಿ ಅರೆದದ್ದು. ಕಾಂಕ್ರೀಟಿಗೆ ಬಳಸುವ ಮರಳಿನಲ್ಲಿ 4.75 ಮಿಲಿಮೀಟರ್ ತನಕದ ಕಣ ಇರುತ್ತದೆ. ಅಪ್ಪ ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ, "ಇದು ಉಸುಕಲ್ಲ, ಕಲ್ಲಿನ ನುಚ್ಚು. ಚುಚ್ತದ" ಎಂದು ಬದಿಗಿಟ್ಟರು. ಖಣಿಯ ಹಿಂದೆ ಕಾಗಿಣಾ ಹೊಳೆಯ ಉಸುಕಿನಲ್ಲಿ ನಾನು ಆಡಿ ಬೆಳೆದವಳು. ಆ ಉಸುಕು ಮುಷ್ಟಿಯಿಂದ ಜಾರುತ್ತಿತ್ತು, ಇದು ಅಂಗೈಗೆ ಕಚ್ಚಿ ನಿಂತಿತ್ತು. ಬಣ್ಣ ಬಳಿದ ಮರಳು ಬೇಡ, ಬಣ್ಣ ಬಿಡುತ್ತದೆ. ಸಮುದ್ರದ ಮೀನುಗಳಿಗೆಂದು ಮಾರುವ ಹವಳದ ಪುಡಿ ಬೇಡ. ಕೊನೆಗೆ ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು ಸಿಕ್ಕಿತು, ಕಣ ಅರ್ಧ ಮಿಲಿಮೀಟರಿನ ಆಸುಪಾಸು. ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿ, ನೀರು ತಿಳಿಯಾಗುವ ತನಕ ಹದಿನಾಲ್ಕು ಸಲ ತೊಳೆದೆ. ಬಚ್ಚಲ ಮೋರಿ ಕಟ್ಟಿಕೊಂಡಿತು, ಅದನ್ನು ಬಿಡಿ.

ಆದರೂ ಅದನ್ನು ಹಾಸಲು ಮನಸ್ಸಾಗಲಿಲ್ಲ. ಮರಳು ಒಂದೆರಡು ಸೆಂಟಿಮೀಟರಿಗಿಂತ ದಪ್ಪವಾದರೆ ತಳಕ್ಕೆ ಆಮ್ಲಜನಕ ಹೋಗದೆ ಕಪ್ಪುಗಟ್ಟುತ್ತದೆ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬರುತ್ತದೆ. ವಾರವಾರ ಕೈಯಾಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ಈಗಾಗಲೇ ಮೂರು ಕಲ್ಲು ಕೂತಿರುವ ಕರುಳಿಗೆ ಮೇಲಿಂದ ಮರಳು ಸುರಿಯುವುದು ಜಾಣತನ ಎನಿಸಲಿಲ್ಲ. ಆರೋಗ್ಯವಂತ ದೊಡ್ಡ ಆಕ್ಸೊಲಾಟ್ಲ್ ಇದ್ದವರು ಮರಳನ್ನೇ ಹಾಕಲಿ, ನಾನೂ ಹಾಗೇ ಹೇಳುತ್ತೇನೆ. ನಮ್ಮ ಸಂದರ್ಭ ಬೇರೆ.

"ಫರ್ಸಿ ಹಾಕು" ಎಂದರು ಅಪ್ಪ, ಇದರಲ್ಲಿ ಇಷ್ಟು ಯೋಚಿಸುವುದೇನಿದೆ ಎಂಬಂತೆ.

ಪುಣೆಯ ಹಳೆಯ ವಾಡೆಗಳ ಅಂಗಳ, ಚಾಳುಗಳ ಜಗಲಿ, ಅಡುಗೆಮನೆ, ಎಲ್ಲ ಕಡೆ ಶಹಾಬಾದಿ ಫರ್ಶಿ. ಇಲ್ಲಿನವರಿಗೆ ಶಹಾಬಾದಿ ಎಂದರೆ ಕಲ್ಲಿನ ಹೆಸರು, ಅದೊಂದು ಊರೆಂದು ಗೊತ್ತಿರುವವರು ಕಡಿಮೆ. ಭೂಮಿಯೊಳಗೇ ಪದರು ಪದರಾಗಿ ಕೂತಿರುವ ಕಲ್ಲದು. ಪದರಿನ ಸಂದಿಗೆ ಉಳಿ ಇಟ್ಟು ಬಡಿದರೆ ಹಪ್ಪಳದಂತೆ ಏಳುತ್ತದೆ. ಮೇಲ್ಮೈ ತಾನಾಗಿಯೇ ತುಸು ಒರಟು, ಕಾಲಿಗೆ ಸಿಗುತ್ತದೆ, ಚುಚ್ಚುವುದಿಲ್ಲ. ನುಂಗಲಂತೂ ಸಾಧ್ಯವೇ ಇಲ್ಲ. ಒಂದೇ ತೊಡಕು: ಅದು ಸುಣ್ಣದ ಕಲ್ಲು. ಶಹಾಬಾದ, ವಾಡಿ, ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳು ಬಂದದ್ದೇ ಆ ಸುಣ್ಣಕ್ಕಾಗಿ. ಅಪ್ಪ ತುಂಡೊಂದರ ಮೇಲೆ ನಿಂಬೆಹಣ್ಣು ಹಿಂಡಿ ಮೊಮ್ಮಗಳಿಗೆ ನೊರೆ ತೋರಿಸಿದರು. "ಮುತ್ಯಾ, ಇದು ಈನೋ ಥರ!" ಎಂದಳು. ಸುಣ್ಣದ ಕಲ್ಲು ನೀರಿನಲ್ಲಿ ನಿಧಾನಕ್ಕೆ ಕರಗಿ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತದೆ. ಮೆದುನೀರು ಬೇಡುವ ಮೀನುಗಳಿಗೆ ಇದು ಆಗದು. ಆಕ್ಸೊಲಾಟ್ಲ್‌ಗೆ ಬೇಕಾದದ್ದೇ ತುಸು ಗಡಸು ನೀರು, ಪಿಎಚ್ 7.4ರಿಂದ 7.6ರ ಸುತ್ತಮುತ್ತ ಇದ್ದರೆ ಉತ್ತಮ, 8ರ ಒಳಗಿದ್ದರೆ ನಡೆಯುತ್ತದೆ. ಹಾಗಾಗಿ ಊಹೆ ಬಿಟ್ಟು ಅಳೆದು ನೋಡಿದೆ. ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ಎರಡು ತುಂಡು ಮುಳುಗಿಸಿ ಮೂರು ವಾರ ದಿನ ಬಿಟ್ಟು ದಿನ ಪರೀಕ್ಷೆ. ಖಡಕ್‌ವಾಸಲಾದ ನಲ್ಲಿನೀರು 7.2 ಇದ್ದದ್ದು 7.6ಕ್ಕೆ ಬಂದು ನಿಂತಿತು. ಕಲ್ಲಿಲ್ಲದ ಬಕೆಟ್ಟನ್ನು ಪಕ್ಕದಲ್ಲೇ ಇಟ್ಟಿದ್ದೆ, ಎಂಟೆಕ್ ಮಾಡಿದ್ದಕ್ಕೆ ಅಷ್ಟಾದರೂ ಬೇಡವೇ.

ಕಲ್ಲಿನ ಮಾರ್ಕೆಟ್ಟಿಗೆ ಅಪ್ಪ ತಾವೇ ಬರುತ್ತೇನೆಂದರು. ಎಂಟು ತಿಂಗಳಲ್ಲಿ ದವಾಖಾನೆ ಬಿಟ್ಟು ಬೇರೆಡೆಗೆ ಹೊರಟದ್ದು ಅದೇ ಮೊದಲು. ಪಾಲಿಶ್ ಮಾಡಿದ್ದನ್ನೆಲ್ಲ ತಳ್ಳಿ, ಗೋಡೆಗೆ ಒರಗಿಸಿಟ್ಟ ಕಲ್ಲುಗಳನ್ನು ಬೆರಳ ಗೆಣ್ಣಿನಿಂದ ಬಡಿದು ಬಡಿದು ಸದ್ದು ಕೇಳಿದರು. ಬೊದ್ದು ಸದ್ದು ಬಂದರೆ ಒಳಗೆ ಪದರು ಬಿಟ್ಟಿದೆ ಎಂದರ್ಥ, ನೀರಲ್ಲಿ ಏಳುತ್ತದೆ. ಕತ್ತರಿಸುವ ಹುಡುಗ ವಾಡಿ ಕಡೆಯವನು. ಅಪ್ಪನ ಎರಡು ಮಾತು ಕೇಳಿದವನೇ ಮಷೀನು ನಿಲ್ಲಿಸಿ, "ಯಾವ್ ಊರ್ರೀ ಮುತ್ಯಾ ನಿಮ್ದು?" ಎಂದ. ಆಮೇಲೆ ಅರ್ಧ ಗಂಟೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಯಾವ ಖಣಿ ಮುಚ್ಚಿತು, ಯಾರ ಮಗ ಎಲ್ಲಿದ್ದಾನೆ, ಎಲ್ಲ ಬಂತು. ಅಪ್ಪ ಅಷ್ಟು ಮಾತಾಡಿದ್ದನ್ನು ಅಮ್ಮ ಹೋದ ಮೇಲೆ ನಾನು ಕೇಳಿರಲಿಲ್ಲ. ಹುಡುಗ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ, ಒತ್ತಾಯ ಮಾಡಿ ಕೊಟ್ಟೆವು.

ಮೂರಡಿ ತೊಟ್ಟಿಗೆ ಎರಡು ತುಂಡು, ಒಂದು ಇಂಚು ದಪ್ಪ, ಒಟ್ಟು 25 ಕಿಲೋ. ಗಾಜಿನ ಮೇಲೆ ಬರಿ ಕಲ್ಲು ಕೂರಿಸಿದರೆ ಒಂದು ಹರಳು ಸಿಕ್ಕರೂ ಗಾಜು ಬಿರಿಯಬಹುದು, ಆದ್ದರಿಂದ ಸಿಲಿಕೋನ್ ಹಾಸಿ ಕೂರಿಸಬೇಕು. ಅಕ್ವೇರಿಯಂ ಸಿಲಿಕೋನೇ ಆಗಬೇಕು, ಬಾತ್‌ರೂಮಿಗೆ ಬಳಸುವುದರಲ್ಲಿ ಬೂಷ್ಟು ಕೊಲ್ಲುವ ಔಷಧಿ ಇರುತ್ತದೆ. ಅಂಚುಗಳನ್ನು ಅಪ್ಪ ಮೂರು ದಿನ ಕೂತು ಪಾಲಿಶ್ ಪೇಪರಿನಲ್ಲಿ ಉಜ್ಜಿ ದುಂಡು ಮಾಡಿದರು. ಆಕ್ಸೊಲಾಟ್ಲ್‌ನ ಚರ್ಮ ತೆಳು, ಚೂಪು ಅಂಚು ತಾಗಿದರೆ ಗಾಯ, ಗಾಯಕ್ಕೆ ಬೂಷ್ಟು. ಕಲ್ಲಿಗೂ ಗಾಜಿಗೂ ನಡುವಿನ ಸಂದಿಯನ್ನೂ ಪೂರ್ತಿ ತುಂಬಿದೆವು. ತುಂಬದಿದ್ದರೆ ತಿನ್ನದೆ ಬಿಟ್ಟ ಹುಳು ಅಲ್ಲಿ ಹೊಕ್ಕು ಕೊಳೆಯುತ್ತದೆ, ಅಮೋನಿಯಾ ಏರುತ್ತದೆ. ಒಂದು ವಾರ ಒಣಗಿಸಿ, ನೀರು ತುಂಬಿ, ಹಳೆಯ ಫಿಲ್ಟರು ಕೂರಿಸಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಎಂದು ಏಳು ದಿನ ನೋಡಿದ ಮೇಲೆ ಕುಸುರಿಯನ್ನು ಬಿಟ್ಟದ್ದು. ಮಾರ್ಚಿನ ಬಿಸಿಲು ಬರುವ ಮೊದಲು ಚಿಲ್ಲರ್ ಕೂಡ ಬಂತು. ನೀರು 16ರಿಂದ 18 ಡಿಗ್ರಿ ಇರಬೇಕು, ನಮ್ಮ ಹಾಲಿನ ಬೇಸಿಗೆಗೆ ಅದಿಲ್ಲದೆ ಆಗದು. ಅದರ ಬೆಲೆಯ ಬಗ್ಗೆ ಮನೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದೇವೆ.

ಮಗಳು ಮಾತ್ರ ಮುನಿಸಿಕೊಂಡಳು. "ಬೂದು ಬೂದು. ಬಸ್ ಸ್ಟ್ಯಾಂಡ್ ಥರ ಇದೆ ಅಮ್ಮಾ." ಆ ಗುಲಾಬಿ ಕಲ್ಲುಗಳ ಮೇಲೆ ಅವಳಿಗೆ ಆಸೆಯಿತ್ತು, ಚೆನ್ನಾಗಿ ತೊಳೆದು ಒಂದು ಮೂಲೆಗಾದರೂ ಹಾಕೋಣ ಎಂದಳು. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಅವಳು ಅದನ್ನು ತುಂಬ ಹೊತ್ತು ನೋಡಿದಳು, ಎದುರು ಮನೆಯ ಮೂರನೆಯದರ ಹೆಸರು ಏನಿತ್ತು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮರುದಿನ ಗುಲಾಬಿ ಚಾರ್ಟ್ ಪೇಪರ್ ತಂದು ತೊಟ್ಟಿಯ ಹಿಂಬದಿಗೆ, ಹೊರಗಿನಿಂದ ಅಂಟಿಸಿಕೊಂಡಳು.

ಕುಸುರಿ ಈಗ ಫರ್ಸಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ, ಕಾಲೆತ್ತಿ ಕಾಲಿಟ್ಟು, ಆತುರವಿಲ್ಲದೆ. ಮೊದಲ ಕಲ್ಲು ಒಂಬತ್ತನೇ ದಿನ ಟಬ್ಬಿನಲ್ಲೇ ಬಿದ್ದಿತ್ತು, ನೀಲಿಯದು. ಎರಡನೆಯದು ತೊಟ್ಟಿಗೆ ಬಿಟ್ಟ ಮೇಲೆ ಐದನೇ ವಾರ ಬಂತು. ಎರಡನ್ನೂ ಮಗಳು ಸಣ್ಣ ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಮೂರನೆಯದು ಇನ್ನೂ ಒಳಗಿದೆ. ಕಳೆದ ವಾರದ ಎಕ್ಸ್‌ರೇಯಲ್ಲಿ ತುಸು ಕೆಳಕ್ಕೆ ಸರಿದಂತಿದೆ ಎಂದರು ವೈದ್ಯರು. ತೂಕ ಇಳಿದಿಲ್ಲ, ಎರಡು ದಿನಕ್ಕೊಮ್ಮೆ ಎರೆಹುಳು ತಿನ್ನುತ್ತಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಅಪ್ಪ. ಮೊಬೈಲಿನ ಟಾರ್ಚು ಹಿಡಿದು ಫರ್ಸಿಯ ಮೇಲೆ ಒಂದೊಂದೇ ಅಂಗುಲ ನೋಡುತ್ತಾರೆ. ನಾನು ಅಷ್ಟೊತ್ತಿಗೆ ಹಿಂಜವಡಿಯ ಟ್ರಾಫಿಕ್ಕಿನಲ್ಲಿರುತ್ತೇನೆ. ಒಂಬತ್ತಕ್ಕೆ ಫೋನು ಬರುತ್ತದೆ.

"ಇವತ್ತೂ ಇಲ್ಲವ್ವ."